ಸಾಂಕಮ್ಮ ಜಾಡಿಸಿದ ಗುಡ್ಡ

ಗುಲಾಬಿಯ ಮಗಳು ಲೋಲಾಕ್ಷಿ ಮದುವೆಯಾಗಿ ಗಂಡನ ಮನೆಗೆ ಹೋದವಳು ವಾರ ಕಳೆಯುವುದರೊಳಗೆ ಒಂದು ಬೆಳಗ್ಗೆ ತವರಿನ ಅಂಗಳದಲ್ಲಿ ಬಂದು ನಿಂತಿದ್ದಳು. ಕೈಯಲ್ಲಿ ಅಕ್ಕಿಹಿಟ್ಟು ಹಾಗೇ ಮೆತ್ತಿಕೊಂಡಿತ್ತು. ರೊಟ್ಟಿ ತಟ್ಟುತ್ತಿದ್ದವಳು ಎದ್ದು ಬಂದುಬಿಟ್ಟಿದ್ದಳು, ಯಾಕೆ ಬಂದೆಯೇ ಎಂದು ಕೇಳಿದರೆ ಅವಳಿಗೇ ಗೊತ್ತಿಲ್ಲ. ಹಿಂದೆಯೇ ಗಂಡನ ಮನೆಯವರು ಮುಖ ಊದಿಸಿಕೊಂಡು ಬಂದರು, ನನ್ನನ್ನು ಕರೆಸಿದರು. ನಾನು ಮನೆಯ ಮೂಲೆ ಮೂಲೆ ಜಾಲಾಡಿ, ಕೊನೆಗೆ ಗುಲಾಬಿಯ ಎಲೆಯಡಿಕೆ ಚೀಲದ ತಳದಿಂದ ಲೋಲಾಕ್ಷಿಯ ಹಳೇ ರಿಬ್ಬನ್ನಿನ ತುಂಡೊಂದನ್ನು ಎಳೆದು ತೆಗೆದೆ.

"ತಾಯಿ ಕರುಳು, ಎಂತ ಮಾಡೂದು?" ಅಂದಳು ಗುಲಾಬಿ.

"ಕರುಳನ್ನ ಹೊಟ್ಟೆಯಲ್ಲಿ ಇಟ್ಕೋ ಮಾರಾಯ್ತಿ, ಚೀಲದಲ್ಲಿ ಇಡ್ಬೇಡ" ಅಂದೆ. ರಿಬ್ಬನ್ನನ್ನು ಲೋಲಾಕ್ಷಿಯ ಕೈಗೆ ಕೊಟ್ಟು ಕಳಿಸಿದೆ. ಆಮೇಲೆ ಅವಳು ಹಾಗೆ ಬರಲಿಲ್ಲ. ಬರಬೇಕು ಎನಿಸಿದಾಗ ಬಸ್ಸು ಹತ್ತಿ, ಗಂಡನಿಗೆ ಹೇಳಿ ಬರುತ್ತಾಳೆ.

ನಮ್ಮ ಊರು ಹೀಗೆ. ಯಾವುದನ್ನೇ ಕಳಿಸಿ, ಅದರದ್ದೊಂದು ಚಿಟಿಕೆ ಹಿಂದೆ ಉಳಿಯಿತೋ, ಹೋದದ್ದು ಆ ಚಿಟಿಕೆಯನ್ನು ಹುಡುಕಿಕೊಂಡು ವಾಪಸು ಬರುತ್ತದೆ. ಬೇಕೆಂದೇ ಉಳಿಸಿದರೂ ಅಷ್ಟೇ, ಮರೆತು ಉಳಿಸಿದರೂ ಅಷ್ಟೇ. ಮಾರಿದ ದನದ ಕೂದಲು ಗೂಟಕ್ಕೆ ಅಂಟಿದ್ದರೆ ದನ ಹಗ್ಗ ಹರಿದುಕೊಂಡು ಬರುತ್ತದೆ. ಗೋಣಿಯ ಹೊಲಿಗೆಯಲ್ಲಿ ನಾಲ್ಕು ಕಾಳು ಸಿಕ್ಕಿಕೊಂಡಿದ್ದರೆ ಸಂತೆಯಲ್ಲಿ ಮಾರಿದ ಹುರುಳಿ ಕೈಯಿಂದ ಕೈಗೆ ದಾಟಿ ಮತ್ತೆ ನಮ್ಮ ಜಗಲಿಗೇ ಬಂದು ಕೂರುತ್ತದೆ. ಮೀನಿಗೆ ಹೋಗುವ ಗಂಡಸರ ಉಗುರೊಂದನ್ನು ಹೆಂಗಸರು ಉಪ್ಪಿನ ಮಡಿಕೆಯಲ್ಲಿ ಇಟ್ಟುಕೊಳ್ಳುವುದು ಇದಕ್ಕೇ. ಸಮುದ್ರ ನುಂಗಿದವರೂ ಬರುತ್ತಾರೆ. ಆ ಬರುವ ಚೆಂದವನ್ನು ಈಗ ಹೇಳುವುದು ಬೇಡ.

ಹಾಗಾಗಿ ಮಾರಿದ್ದು ಮಾರಿದ ಹಾಗೆಯೇ ಇರಬೇಕಾದರೆ ಜಾಡಿಸುವವರು ಬೇಕು. ಅದು ನನ್ನ ಕೆಲಸ. ನನ್ನ ಅಮ್ಮನದ್ದೂ ಅದೇ. ಗೋಣಿ ಮಗುಚಿ ಬಡಿಯುವುದು, ಕೊಟ್ಟಿಗೆ ಗುಡಿಸುವುದು, ಮದುಮಗಳ ಹಣಿಗೆಯಿಂದ ಕೂದಲು ಬಿಡಿಸುವುದು, ಎಲ್ಲ ಆದ ಮೇಲೆ ಎರಡೂ ಕೈ ತಟ್ಟಿ ಗಟ್ಟಿಯಾಗಿ "ಪೂರಾ" ಎನ್ನುವುದು. ಸಾಂಕಮ್ಮ ಪೂರಾ ಅಂದಳು ಎಂದರೆ ಹೋದದ್ದು ಹೋಯಿತು, ಮುಗಿಯಿತು. ಜಂಬ ಎಂದು ಬೇಕಾದರೆ ಅನ್ನಿ. ಧೂಳು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಊಟಕ್ಕೆ ಕೂತವಳು ಎದ್ದು ಹೋಗಿ ಪಕ್ಕದ ಮನೆಯ ಮೆಟ್ಟಿಲು ಗುಡಿಸಿ ಬಂದದ್ದುಂಟು. "ಇವಳು ಕೂರುವ ಮಣೆ ಅಡಿಯಲ್ಲಿ ಕೆಂಡ ಇಟ್ಟಿದ್ದಾರೋ ಎಂತದೋ" ಎಂದು ನಮ್ಮವರು ಬಂದವರ ಎದುರೆಲ್ಲ ಹೇಳಿ ನಗುತ್ತಿದ್ದರು. ನಮ್ಮವರ ಹೆಸರು ಬೊಮ್ಮಯ್ಯ. ಗಂಡನ ಹೆಸರು ಹಿಡಿದು ಹೇಳಬಾರದು ಎನ್ನುತ್ತಾರೆ, ಹೇಳದೆ ಹೋದರೆ ಈ ಕಥೆ ಮುಂದೆ ಹೋಗುವುದಿಲ್ಲ.

ಊರಿನ ಬೆನ್ನಿಗೆ ಒಂದು ಗುಡ್ಡ ಇತ್ತು. ಇತ್ತು ಎನ್ನುವಾಗ ಈಗಲೂ ನಾಲಿಗೆ ತಡೆಯುತ್ತದೆ. ಅದರ ಹೊಟ್ಟೆಯಿಂದ ಒಂದು ಒರತೆ ಇಳಿದು ಕೆಳಗಿನ ಕೇರಿಯ ಬಾವಿಗಳಿಗೆಲ್ಲ ನೀರು ಕೊಡುತ್ತಿತ್ತು. ಕಂಪನಿಯವರು ಬಂದು ಗುಡ್ಡವನ್ನು ಕೊರೆದು ನೋಡಿ, ಒಳಗೆಲ್ಲ ಕಲ್ಲಿದ್ದಲು ಎಂದರು. ಗುಡ್ಡದಿಂದ ಹಡಗು ನಿಲ್ಲುವ ಧಕ್ಕೆಯವರೆಗೆ ಹಳಿ ಹಾಕಿದರು. ಹಳಿಯ ಮೇಲೆ ಡಬ್ಬಿಗಳಲ್ಲಿ ಉರುಳಿ ಬಂದ ಕಲ್ಲಿದ್ದಲನ್ನು ಹಡಗಿಗೆ ತುಂಬಿದರೆ, ಹಡಗು ಸಮುದ್ರದ ಆಚೆ ಯಾವುದೋ ದೇಶಕ್ಕೆ ಹೋಗುವುದು. ನಮ್ಮವರು ಧಕ್ಕೆಯಲ್ಲಿ ತುಂಬುವ ಗ್ಯಾಂಗಿಗೆ ಸೇರಿದರು. ಊರಿನ ಗಟ್ಟಿಮುಟ್ಟು ಗಂಡಸರೆಲ್ಲ ಆ ಗ್ಯಾಂಗಿನಲ್ಲೇ ಇದ್ದರು.

ಮೊದಲ ಹಡಗು ಹೋಯಿತು, ತುಂಬಿದ್ದು ತುಂಬಿದ ಹಾಗೇ ತಿರುಗಿ ಬಂತು. ಕಪ್ತಾನ ಧಕ್ಕೆಯಲ್ಲಿ ನಿಂತು ತಲೆ ಕೆರೆದುಕೊಂಡ, ದಿಕ್ಕು ಸರಿಯಾಗಿಯೇ ಹಿಡಿದಿದ್ದೆ ಎಂದ. ಕಂಪನಿಯ ಮ್ಯಾನೇಜರ್ ಚಿದಂಬರಯ್ಯ ದಿಕ್ಸೂಚಿ ಬದಲಾಯಿಸಿದರು, ಆಮೇಲೆ ಕಪ್ತಾನನನ್ನೇ ಬದಲಾಯಿಸಿದರು. ಹಡಗು ಮತ್ತೆ ಬಂತು. ಊರಿನವರು ಸಂಜೆ ಹೊತ್ತು ಧಕ್ಕೆಗೆ ಹೋಗಿ ಕೂತು ನಗುತ್ತಿದ್ದರು. ತುಂಬುವಾಗ ಚೆಲ್ಲಿದ ಪುಡಿ ಹಲಗೆಗಳ ಸಂದಿಯಲ್ಲೆಲ್ಲ ಬಿದ್ದಿದೆ, ಹೋಗುತ್ತದೆಯೇ ಅದು? ಕೊನೆಗೆ ಯಾವನೋ ಬಾಯಿ ಬಿಟ್ಟ. ಮರುದಿನ ಚಿದಂಬರಯ್ಯನವರು ತಾವೇ ನಮ್ಮ ಮನೆಗೆ ಬಂದರು, ಜಗಲಿಯ ಮೇಲೆ ಕೂತು, ಬೆಲ್ಲ ನೀರು ಕುಡಿದು, "ಸಾಂಕಮ್ಮನವರೇ, ಇದನ್ನೆಲ್ಲ ನಂಬುವ ಮನುಷ್ಯ ನಾನಲ್ಲ. ಆದರೂ ನೀವು ಒಂದು ಸಲ ಬಂದು ಗುಡಿಸಿಬಿಡಿ" ಎಂದರು.

ಹೋದೆ. ಕೆಲಸ ಎಂದರೆ ಕೆಲಸ. ಹಲಗೆಯ ಸಂದಿಗಳನ್ನು ತೆಂಗಿನ ಕಡ್ಡಿಯಿಂದ ಕೆದಕಿದೆ, ಹಗ್ಗಗಳನ್ನು ಸಮುದ್ರದ ನೀರಲ್ಲಿ ಅದ್ದಿ ಹಿಂಡಿಸಿದೆ, ಗ್ಯಾಂಗಿನವರನ್ನು ಸಾಲಾಗಿ ನಿಲ್ಲಿಸಿ ಕೈ ಎತ್ತಿಸಿ, ಕಿವಿ, ಉಗುರು, ಪಂಚೆಯ ಅಂಚು ಎಲ್ಲ ಜಾಡಿಸಿದೆ. ಗುಡಿಸಿದ್ದನ್ನು ಗಂಟು ಕಟ್ಟಿ ಹಡಗಿಗೇ ಹಾಕಿದೆ. ಕೈ ತಟ್ಟಿ ಪೂರಾ ಎಂದೆ. ಆ ಹಡಗು ಹೋದದ್ದು ಬರಲೇ ಇಲ್ಲ. ಮುಂದಿನದ್ದೂ ಬರಲಿಲ್ಲ. ಕಂಪನಿಯವರು ನನಗೊಂದು ಹೊಸ ಪೊರಕೆ ತರಿಸಿಕೊಟ್ಟರು. ನಾನು ಅದನ್ನು ಹಿಡಿದುಕೊಂಡು ಮೆರೆದೆ.

ಅಲ್ಲಿಂದ ಊರು ನೆಲೆ ನಿಲ್ಲದಂತಾಯಿತು. ಗುಡ್ಡಕ್ಕೆ ಮದ್ದು ಇಟ್ಟು ಒಡೆಯುವಾಗ ಕೆಳಗೆ ನಾವೆಲ್ಲ ಅಲುಗುತ್ತಿದ್ದೆವು. ಉಣ್ಣಲು ಕೂತರೆ ತಟ್ಟೆ ಮೆಲ್ಲಗೆ ಜಾರಿ ಎದುರಿನವರ ಮುಂದೆ ಹೋಗುವುದು. ತೊಟ್ಟಿಲಿಗೆ ಹಾಕಿದ ಮಗುವನ್ನು ತೂಗುವವರು ಬೇಡ. ಹೆಂಗಸರು ಅಡುಗೆ ಅರ್ಧಕ್ಕೆ ಬಿಟ್ಟು ಹೊರಗೆ ಬಂದು ನಿಲ್ಲುವರು, ಯಾಕೆ ಬಂದೆವು ಎಂದು ಮರೆತು ಒಳಗೆ ಹೋಗುವರು. ಗುಡ್ಡದ ಬುಡದಲ್ಲಿದ್ದ ಗುಲಾಬಿಯ ಬಾವಿ ಮೊದಲು ಬತ್ತಿತು. ಒಣಮೀನು ಮಾರಿ ಬದುಕುವವಳು ಅವಳು, ಬಾಯಿಯೂ ಉಪ್ಪು, ಮನಸ್ಸೂ ಉಪ್ಪು. ಅವಳು ದೋಣಿ ನಿಲ್ಲಿಸುವ ಚಪ್ಪರದಲ್ಲಿ ಹೆಂಗಸರನ್ನೆಲ್ಲ ಸೇರಿಸಿ, "ಅರ್ಜಿ ಕೊಟ್ಟಾಯ್ತು, ಹಳಿ ಮೇಲೆ ಕೂತಾಯ್ತು, ಪೊಲೀಸರು ಎತ್ತಿ ಹಾಕಿಯೂ ಆಯ್ತು. ಇನ್ನು ನಮಗೆ ಬರೂದು ಒಂದೇ ಕೆಲಸ. ಚಿಟಿಕೆ ಉಳಿಸ್ವಾ" ಎಂದಳಂತೆ.

ಉಳಿಸಿದರು ನೋಡಿ. ಹಳಿಯ ಪಕ್ಕದಲ್ಲಿ ಹಾದುಹೋಗುವಾಗ ಕೈ ಚಾಚಿ ಡಬ್ಬಿಯಿಂದ ಚೂರು ಎತ್ತಿಕೊಳ್ಳುವರು. ತುರುಬಿನೊಳಗೆ, ಮೀನಿನ ಬುಟ್ಟಿಯ ತಳದಲ್ಲಿ, ಮಗುವಿನ ಕಾಲ್ಗೆಜ್ಜೆಯ ಒಳಗೆ, ಹಲ್ಲುಪುಡಿಯ ಡಬ್ಬಿಯಲ್ಲಿ. ಒಬ್ಬಳು ದೋಸೆ ಹಿಟ್ಟಿಗೇ ಕಲಸಿಟ್ಟಿದ್ದಳು. ನಾನು ಬಿಟ್ಟೆನೇ? ಕಂಪನಿಯ ಕಾವಲಿನವರನ್ನು ಹಿಂದೆ ಹಾಕಿಕೊಂಡು ಮನೆ ಮನೆ ಹೊಕ್ಕು ಎಲ್ಲವನ್ನೂ ಹುಡುಕಿ ತೆಗೆದೆ. ಎಲ್ಲಿ ಬಚ್ಚಿಡುತ್ತಾರೆ ಎಂದು ನನಗೆ ಗೊತ್ತಿರದೆ ಇನ್ನು ಯಾರಿಗೆ ಗೊತ್ತಿರಬೇಕು? ಅವರ ಮದುವೆಗಳಲ್ಲಿ ಜಾಡಿಸಿದವಳೇ ನಾನು.

ಗುಲಾಬಿಯ ಎಲೆಯಡಿಕೆ ಚೀಲಕ್ಕೆ ಕೈ ಹಾಕಿದಾಗ ಅವಳು ತಡೆಯಲಿಲ್ಲ. ನನ್ನ ಕೈ ಹಿಡಿದು ಬಾವಿಯ ಹತ್ತಿರ ಎಳೆದುಕೊಂಡು ಹೋದಳು. ಕೊಡಪಾನವನ್ನು ಒಳಗೆ ಬಿಟ್ಟಳು. ಅದು ಕಲ್ಲಿಗೆ ತಾಗಿ ಠಣ್ಣೆಂದಿತು.

"ನನ್ನ ಒರತೆ ಎಲ್ಲಿ ಹೋಯ್ತು ಸಾಂಕಿ? ಅದಕ್ಕೂ ಪೂರಾ ಅಂದ್ಯಾ ನೀನು?"

"ನಿನ್ನ ಬಾವಿ ಬತ್ತಿದ್ರೆ ನನ್ನ ಪೊರಕೆ ಎಂತ ಮಾಡ್ತದೆ?" ಎಂದು ನಾನೂ ತಿರುಗಿಸಿ ಕೊಟ್ಟೆ. ಮನೆಗೆ ಬಂದ ಮೇಲೆ ಆ ಠಣ್ಣೆಂದ ಸದ್ದು ಕಿವಿಯಿಂದ ಹೋಗಲೊಲ್ಲದು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಮಳೆಗಾಲ ಕಳೆದು ಸಮುದ್ರದ ಕಡೆಯಿಂದ ಪಡುಗಾಳಿ ಬೀಸಿದ ಮೇಲೆ ಹಡಗುಗಳು ಮತ್ತೆ ವಾಪಸು ಬರತೊಡಗಿದವು. ಮೊದಲು ಒಂದು, ಆಮೇಲೆ ಇನ್ನೊಂದು, ತುಂಬಿದ್ದು ತುಂಬಿದ ಹಾಗೆ. ಚಿದಂಬರಯ್ಯನವರು ನನ್ನನ್ನು ಕರೆಸಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. "ನೀವೂ ಆ ಹೆಂಗಸರ ಜೊತೆ ಸೇರಿಬಿಟ್ರಾ?" ಎಂದರು. ನನ್ನ ಜನ್ಮದಲ್ಲಿ ಅಂಥ ಮಾತು ಕೇಳಿರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಧಕ್ಕೆಯನ್ನು ಮತ್ತೆ ಗುಡಿಸಿದೆ, ಹಲಗೆ ಕೀಳಿಸಿ ಅಡಿಯ ಮರಳನ್ನು ಜರಡಿ ಹಿಡಿಸಿದೆ. ಒಂದು ಕಣ ಸಿಗಲಿಲ್ಲ. ಹಡಗು ಹೋಯಿತು, ಬಂತು.

ಆಮೇಲೆ ಹೊಗೆ ಬಂತು. ನಾನು ಪೂರಾ ಎಂದು ಕಳಿಸಿ, ಆಚೆ ದೇಶದಲ್ಲಿ ಆಗಲೇ ಉರಿದುಹೋದ ಕಲ್ಲಿದ್ದಲು ಅದು. ಉರಿದದ್ದು ಇನ್ನು ಹೇಗೆ ಬರಬೇಕು? ಸಮುದ್ರದ ಮೇಲಿಂದ ಕಪ್ಪಗೆ, ಕೆಳಗೆ ಕೆಳಗೆ, ಯಾರನ್ನೋ ಹುಡುಕುತ್ತಿರುವ ಹಾಗೆ ಬಂತು. ದೇವಸ್ಥಾನ ದಾಟಿತು, ಶಾಲೆ ದಾಟಿತು, ಗುಲಾಬಿಯ ಮನೆ ದಾಟಿತು. ತುಂಬುವ ಗ್ಯಾಂಗಿನವರ ಮನೆಗಳಿಗೆ ಮಾತ್ರ ಕಿಟಕಿಯಿಂದ ಇಳಿಯಿತು. ನಮ್ಮ ಮನೆಗೆ ಎಲ್ಲರಿಗಿಂತ ಹೆಚ್ಚು. ನಮ್ಮವರು ಚಾಪೆಯ ಮೇಲೆ ಮಲಗಿದ್ದರು, ಹೊಗೆ ಅವರ ಎದೆಯ ಮೇಲೆ ಬೆಕ್ಕಿನ ಹಾಗೆ ಸುತ್ತಿಕೊಂಡು ಕೂತಿತು. ಅವರು ಎದ್ದು ಕೂತು ಕೆಮ್ಮಿದರು. ಅಂಗೈಗೆ ಕಪ್ಪಗೆ ಬಂದದ್ದನ್ನು ಇಬ್ಬರೂ ನೋಡಿದೆವು.

ಕಿವಿಯೊಳಗಿನದ್ದು ತೆಗೆದಿದ್ದೆ, ಉಗುರಿನ ಸಂದಿಯದ್ದು ತೆಗೆದಿದ್ದೆ. ಎದೆಯೊಳಗೆ ನನ್ನ ಪೊರಕೆ ಹೋಗುವುದು ಹೇಗೆ? ಗೋಡೆಗೆ ಒರಗಿ ಕೂತುಬಿಟ್ಟೆ. ಗಾಳಿಗೆ ಅಂತ ಬಾವಿಕಟ್ಟೆಗೆ ಹೋದರೆ ಹೊಗೆಯ ಒಂದೆಳೆ ಅಲ್ಲಿಗೂ ಬಂತು. ಸೀರೆಗೆ ಹತ್ತಿಕೊಂಡು ಬಂದಿರಬೇಕು ಎಂದುಕೊಂಡು ಸೆರಗು ಜಾಡಿಸಿ ಓಡಿಸಿದೆ.

"ಯಾರಿಗೂ ಹೇಳ್ಬೇಡಿ" ಎಂದೆ ನಮ್ಮವರಿಗೆ.

"ಹೇಳದೆ ಇದ್ರೆ ಕೆಮ್ಮು ಸುಮ್ಮನಿರ್ತದಾ?" ಎಂದರು ಅವರು.

ಸುಮ್ಮನಿರಲಿಲ್ಲ. ಕಂಪನಿಯ ಡಾಕ್ಟರು ಬಂದು ಗ್ಯಾಂಗಿನವರನ್ನೆಲ್ಲ ಕರೆಸಿ ಎದೆಯ ಫೋಟೋ ತೆಗೆದರು. ಫೋಟೋಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಚಿದಂಬರಯ್ಯನವರು ಬಹಳ ಹೊತ್ತು ನೋಡಿದರಂತೆ, ಇದನ್ನೆಲ್ಲ ನಂಬದ ಮನುಷ್ಯ. ಮಾರನೆಯ ದಿನ ಧಕ್ಕೆಯಲ್ಲಿ ಎಲ್ಲರನ್ನೂ ಸೇರಿಸಿ ಹೇಳಿದರು: ಆಚೆ ದೇಶದಲ್ಲಿ ದೊಡ್ಡ ಆಸ್ಪತ್ರೆ ಇದೆ, ಗ್ಯಾಂಗಿನವರೆಲ್ಲ ಮುಂದಿನ ಹಡಗಿನಲ್ಲಿ ಕಲ್ಲಿದ್ದಲಿನ ಜೊತೆ ಹೋಗಲಿ, ಅಲ್ಲಿ ಎದೆ ಸ್ವಚ್ಛ ಮಾಡಿಸುತ್ತೇವೆ. ಎಲ್ಲರಿಗೂ ಅರ್ಥವಾಗಿತ್ತು. ಗಂಡಸರು ಊರಿನಲ್ಲಿರುವ ತನಕ ಹಡಗು ಹೋಗುವುದಿಲ್ಲ. ಗಂಡಸರನ್ನೂ ಪೂರಾ ಜಾಡಿಸಿ ಕಳಿಸಿದರೆ ಹಡಗೂ ಬರುವುದಿಲ್ಲ, ಗುಡ್ಡವೂ ಬರುವುದಿಲ್ಲ, ಗಂಡಸರೂ ಬರುವುದಿಲ್ಲ.

"ಜಾಡಿಸೂದು ಸಾಂಕಮ್ಮನೇ ಆಗ್ಬೇಕು" ಎಂದು ಚಿದಂಬರಯ್ಯನವರು ಕೊನೆಗೆ ಸೇರಿಸಿದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ಪೊರಕೆಯನ್ನು ನೋಡಿದೆ.

ಮನೆಯಲ್ಲಿ ನಮ್ಮವರು ಹೋಗಲು ತಯಾರೇ ಇದ್ದರು. ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಉಬ್ಬಸ ಬಂದು ಅವರು ಕಂಬ ಹಿಡಿದು ನಿಲ್ಲುತ್ತಿದ್ದರು. "ಒಂದು ಸಲ ಎದೆ ತುಂಬ ಉಸಿರು ಎಳೀಬೇಕು ಅಂತ ಆಸೆ ಸಾಂಕಿ" ಎಂದರು. "ಆಸ್ಪತ್ರೆ ನಿಜವೇ ಇದ್ದೀತು. ಎಲ್ಲದಕ್ಕೂ ಅನುಮಾನ ಪಟ್ರೆ ಹೇಗೆ?"

"ನಿಜ ಇರ್ಬಹುದು. ಗುಣ ಆದ್ಮೇಲೆ ನೀವು ಎಲ್ಲಿಗೆ ಬರ್ತೀರಿ? ಇಲ್ಲಿ ನಿಮ್ಮದು ಅಂತ ಎಂತದೂ ಇರೂದಿಲ್ಲವಲ್ಲ."

ಅವರು ಕಂಬಕ್ಕೆ ಒರಗಿ ಕೂತರು. ಆಮೇಲೆ ನಕ್ಕರು. "ನೀ ಮಾತ್ರ ಸಮಾ ಜಾಡಿಸು ಮತ್ತೆ. ಗಂಡ ಅಂತ ಸಡಿಲ ಬಿಟ್ಲು ಅಂತ ಜನ ಆಡ್ಕೊಳ್ಳೂದು ಬೇಡ."

ಹಡಗು ಹೊರಡುವ ಹಿಂದಿನ ದಿನ ಕಾವಲಿನವರು ಬಂದು ಅವರ ಚಾಪೆ, ದಿಂಬು, ಚಪ್ಪಲಿ, ಹಿತ್ತಾಳೆ ಲೋಟ ಎಲ್ಲ ಕಟ್ಟಿಕೊಂಡು ಹೋದರು. ನಮ್ಮವರು ಒರಗಿ ಕೂರುತ್ತಿದ್ದ ಕಂಬದ ಎಣ್ಣೆ ಕಲೆಯನ್ನು ಕೆರೆದು ಹಾಕಿದರು. ಉಪ್ಪಿನ ಮಡಿಕೆಯನ್ನು ಒಡೆದು, ನಮ್ಮವರು ಮೀನಿಗೆ ಹೋಗುತ್ತಿದ್ದ ಕಾಲದ ಹಳೇ ಉಗುರನ್ನು ಹುಡುಕಿ ತೆಗೆದರು. ಹಾಗೆ ಹುಡುಕುವುದನ್ನು ಅವರಿಗೆ ಕಲಿಸಿದವಳು ನಾನೇ. ಅಂಗಿಯ ಗುಂಡಿಯೊಂದನ್ನು ನಾನು ಬಾಯಲ್ಲಿ ಇಟ್ಟುಕೊಂಡಿದ್ದೆ, ಅದನ್ನೂ ಉಗುಳಿಸಿದರು.

ಕಾವಲಿನವರು ಹೋದ ಮೇಲೆ ಗುಲಾಬಿ ಬಂದಳು. ಬಹಳ ದಿನದಿಂದ ನಮ್ಮ ಮೆಟ್ಟಿಲು ತುಳಿಯದವಳು. ಖಾಲಿ ಮನೆಯನ್ನು ಸುತ್ತ ನೋಡಿದಳು.

"ಎಂತಾದ್ರೂ ಉಳಿಸಿಕೊಂಡ್ಯಾ?"

"ಇಲ್ಲ."

"ಹಾಗಾದ್ರೆ ನಾಳೆ ಪೂರಾ ಅನ್ಬೇಡ. ನಾವೆಲ್ಲ ಧಕ್ಕೆಯಲ್ಲಿ ಅಡ್ಡ ಕೂರ್ತೇವೆ. ನೀ ಒಂದು ಮಾತು ಅನ್ನದೆ ಇದ್ರೆ ಆಯ್ತು."

"ಅನ್ನದೆ ಇದ್ರೆ ಗಂಡಸರನ್ನ ಕಲ್ಲಿದ್ದಲಿನ ಶೆಡ್ಡಿನಲ್ಲಿ ಕೂಡಿ ಹಾಕ್ತಾರೆ. ಬೇರೆ ಊರಿನಿಂದ ಬೇರೆ ಜಾಡಿಸುವವಳನ್ನ ತರ್ತಾರೆ. ಇವರು ಆ ಶೆಡ್ಡಿನ ಧೂಳಿನಲ್ಲಿ ವಾರ ಉಳೀತಾರಾ ಗುಲಾಬಿ?"

ಇಬ್ಬರೂ ಬರೀ ನೆಲದ ಮೇಲೆ ಕೂತೆವು, ಕೂರಲಾಗದೆ ಎದ್ದೆವು, ಅಂಗಳಕ್ಕೆ ಹೋಗಿ ಮತ್ತೆ ಬಂದೆವು.

ಹಡಗು ಹೊರಡುವ ದಿನ ಬೆಳಗ್ಗೆಯೇ ಹೆಂಗಸರು ಧಕ್ಕೆಯ ಹಲಗೆಗಳ ಮೇಲೆ ಉದ್ದಕ್ಕೆ ಕೂತಿದ್ದರು. ಪೊಲೀಸರು ಬೆತ್ತ ಹಿಡಿದು ನಿಂತಿದ್ದರು, ಮುಟ್ಟಲಿಲ್ಲ. ಚಿದಂಬರಯ್ಯನವರು ಬೆವರು ಒರೆಸಿಕೊಳ್ಳುತ್ತಾ ಇದ್ದರು. ಆಚೆ ದೇಶದವರು ಕಲ್ಲಿದ್ದಲು ಎಲ್ಲಿ ಎಂದು ಅವರ ಕುತ್ತಿಗೆಯ ಮೇಲೆ ಕೂತಿದ್ದರೆಂದು ಕಾಣುತ್ತದೆ, ಮುಖ ಸುಣ್ಣದ ಹಾಗಾಗಿತ್ತು. ಗ್ಯಾಂಗಿನವರ ತಲೆ ಬೋಳಿಸಿ, ಬಿಳಿ ಬಟ್ಟೆ ಉಡಿಸಿ ನಿಲ್ಲಿಸಿದ್ದರು. ನಾನು ಒಬ್ಬೊಬ್ಬರನ್ನೇ ಜಾಡಿಸುತ್ತಾ ಬಂದೆ. ಕೊನೆಯಲ್ಲಿ ನಮ್ಮವರು. ಕೈ ಎತ್ತಿ ನಿಂತರು. ಕಂಕುಳು ಮುಟ್ಟಿದಾಗ ಯಾವಾಗಲೂ ಕಚಗುಳಿಯಾಗುವ ಮನುಷ್ಯ, ಆವತ್ತೂ ಮೈ ಹಿಂಡಿಕೊಂಡರು. ಕಿವಿ ನೋಡಿದೆ. ಉಗುರು ನೋಡಿದೆ. ಕಾಲಿನ ಬೆರಳುಗಳ ಸಂದಿ ನೋಡಿದೆ. ಒಂದು ಕೂದಲು ಬೇಕಿತ್ತು ನನಗೆ, ಒಂದೇ ಒಂದು. ಕಾವಲಿನವನ ಕಣ್ಣು ನನ್ನ ಬೆರಳುಗಳನ್ನು ಬಿಟ್ಟು ಕದಲಲಿಲ್ಲ.

ಮುಗಿಯಿತು. ಇನ್ನು ಜಾಡಿಸುವುದಕ್ಕೆ ಏನೂ ಇರಲಿಲ್ಲ. ಚಿದಂಬರಯ್ಯನವರು "ಹೂಂ, ಹೇಳಿ" ಎಂದರು. ಹೆಂಗಸರ ಸಾಲಿನಿಂದ ಗುಲಾಬಿ ನನ್ನನ್ನೇ ನೋಡುತ್ತಿದ್ದಳು. ಬಾಯಿ ತೆರೆದೆ, ಗಂಟಲಲ್ಲಿ ಏನೋ ಕೆರೆಯಿತು. ಕೆಮ್ಮು ಬಂತು. ಸೆರಗು ಅಡ್ಡ ಹಿಡಿಯುವಷ್ಟು ವ್ಯವಧಾನ ಇಲ್ಲ, ಅಂಗೈಯನ್ನೇ ಹಿಡಿದೆ.

ಅಂಗೈ ಕಪ್ಪಾಗಿತ್ತು.

ಎಷ್ಟು ಹಡಗಿನ ಧೂಳನ್ನು ಗುಡಿಸಿದ್ದೆ ನಾನು, ತಲೆ ಬಗ್ಗಿಸಿ, ಮೂಗನ್ನು ಹಲಗೆಗೆ ತಾಗಿಸಿ. ಪ್ರತಿ ಹಡಗಿನ ಚಿಟಿಕೆಯನ್ನೂ ನಾನೇ ಒಳಗೆ ಎಳೆದುಕೊಂಡು ಮನೆಗೆ ಹೋಗಿ, ಪೂರಾ ಎಂದು ಜಂಬ ಪಟ್ಟಿದ್ದೆ. ಹೊಗೆ ನಮ್ಮ ಮನೆಗೆ ಎಲ್ಲರಿಗಿಂತ ಹೆಚ್ಚು ಬಂದದ್ದು, ಬಾವಿಕಟ್ಟೆಗೆ ಹಿಂದೆಯೇ ಬಂದದ್ದು ಯಾರಿಗಾಗಿ ಎಂದು ಆಗ ತಲೆಗೆ ಹೋಯಿತು. ಡಾಕ್ಟರು ತುಂಬುವವರ ಎದೆ ನೋಡಿದರು. ಗುಡಿಸುವವಳ ಎದೆ ನೋಡಬೇಕೆಂದು ಅವರಿಗೂ ಹೊಳೆಯಲಿಲ್ಲ, ಮನುಷ್ಯರ ಉಗುರಿನ ಸಂದಿ ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ನನಗೂ ಹೊಳೆಯಲಿಲ್ಲ.

ಮುಷ್ಟಿ ಮುಚ್ಚಿದೆ. ನಮ್ಮವರ ಎದೆಯಲ್ಲಿರುವುದೂ ಇದೇ ಗುಡ್ಡ, ಹಡಗಿನಲ್ಲಿರುವುದೂ ಇದೇ ಗುಡ್ಡ. ಅದು ವಾಪಸು ಬರುವಾಗ ಅವರ ಎದೆಯನ್ನು ಅಲ್ಲೇ ಬಿಟ್ಟು ಬರುತ್ತದೆಯೇ? ಸೆರಗಿನ ಅಡಿಯಲ್ಲಿ ಕೈ ಒರೆಸಿಕೊಂಡು ಹೊರಗೆ ತೆಗೆದು, ಎರಡೂ ಕೈ ತಟ್ಟಿದೆ.

"ಪೂರಾ" ಎಂದೆ. ನನ್ನ ಜನ್ಮದಲ್ಲಿ ನಾನು ಹೇಳಿದ ಮೊದಲ ಸುಳ್ಳು ಪೂರಾ ಅದು.

ನಮ್ಮವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ ತಲೆ ತಗ್ಗಿಸಿದರು. ಅವರಿಗೆ ಹೇಳುವ ಹಾಗಿಲ್ಲ, ಅದು ನನ್ನನ್ನು ಸುಟ್ಟಿತು. ಗುಲಾಬಿ ನನ್ನ ಕಾಲ ಬುಡಕ್ಕೆ ಉಗಿದು ಎದ್ದು ಹೋದಳು. ಅವಳ ಹಿಂದೆ ಒಬ್ಬೊಬ್ಬರೇ ಎದ್ದರು. ಜಾಡಿಸುವವಳೇ ಪೂರಾ ಎಂದ ಮೇಲೆ ಅಡ್ಡ ಕೂತು ಏನು ಮಾಡುವುದು? ಹಡಗು ಹೋಯಿತು.

ಸಂಜೆ ಗುಲಾಬಿಯ ಮನೆಗೆ ಹೋದೆ. ಬಾಗಿಲು ಮುಖಕ್ಕೆ ಹಾಕಿದಳು. ಕರೆದರೆ ತೆಗೆಯಲಿಲ್ಲ. ಹೊಸ್ತಿಲ ಮೇಲೆ ಕೂತೆ, ಮತ್ತೆ ಕೆಮ್ಮು ಬಂತು, ತಡೆಯಲಿಲ್ಲ. ಅವಳು ಬಾಗಿಲ ಸಂದಿಯಿಂದ ನೋಡಿರಬೇಕು. ಮೆಲ್ಲಗೆ ತೆಗೆದಳು. ಹೊಸ್ತಿಲ ಮೇಲೆ ಬಿದ್ದ ಕಪ್ಪನ್ನು ಬೆರಳಿನಿಂದ ಮುಟ್ಟಿದಳು, ಮೂಸಿದಳು, ನನ್ನ ಮುಖ ನೋಡಿದಳು. ಅವಳ ಕಣ್ಣು ತುಂಬಿ ಬಂತು, ನನ್ನದೂ ತುಂಬಿತು. ಮರುಗಳಿಗೆಯಲ್ಲಿ ರಟ್ಟೆ ಹಿಡಿದು ನನ್ನನ್ನು ಎಬ್ಬಿಸಿದಳು.

"ಏಳು, ಏಳು, ಇಲ್ಲಿ ಕೂರ್ಬೇಡ ಮಾರಾಯ್ತಿ. ಇಡೀ ಗುಡ್ಡ ಬಂದು ನನ್ನ ಮನೆ ಮೇಲೆ ಬೀಳ್ತದೆ."

"ಮತ್ತೆಲ್ಲಿ ಕೂರ್ಲಿ?"

ಇಬ್ಬರೂ ಒಟ್ಟಿಗೇ ತಲೆ ಎತ್ತಿ ನೋಡಿದೆವು. ಗುಡ್ಡ ಇದ್ದಲ್ಲಿ ಕಂಪನಿಯವರು ತೋಡಿ ಬಿಟ್ಟ ಗುಂಡಿ ಬಾಯಿ ತೆರೆದುಕೊಂಡು ಬಿದ್ದಿತ್ತು.

ಹಾಗೆ ನಾನು ಇಲ್ಲಿಗೆ ಬಂದೆ. ಗುಂಡಿಯ ತಳದಲ್ಲಿ ಚಾಪೆ ಹಾಸಿಕೊಂಡು ಕೂತಿದ್ದೇನೆ. ಹೆಂಗಸರು ಸರದಿಯಲ್ಲಿ ಗಂಜಿ, ಒಣಮೀನಿನ ಚಟ್ನಿ ಇಳಿಸಿ ಕೊಡುತ್ತಾರೆ. ಹೊಗೆ ಮೊದಲು ಬಂತು. ಪಡುಗಾಳಿಯಲ್ಲಿ ದಿನವೂ ಬಂದು ನನ್ನ ಸುತ್ತಲಿನ ಗೋಡೆಗೆ ಪದರ ಪದರವಾಗಿ ಕೂರುತ್ತದೆ. ಕೆಮ್ಮು ಹೆಚ್ಚಾಗಿದೆ, ಸುಳ್ಳು ಯಾಕೆ ಹೇಳಲಿ. ಅದಕ್ಕಿಂತ ಕಷ್ಟ ಕೂರುವುದು. ನಾನು ಎದ್ದು ಎಲ್ಲಿಗೆ ಹೋಗುತ್ತೇನೋ ಅದೆಲ್ಲ ಅಲ್ಲಿಗೇ ಬರುತ್ತದೆ, ಹಾಗಾಗಿ ಅಲುಗುವ ಹಾಗಿಲ್ಲ. ಎದುರಿಗೇ ಇಷ್ಟು ಧೂಳಿದೆ, ಕೈ ತುರಿಸುತ್ತದೆ, ಪೊರಕೆ ಮನೆಯಲ್ಲೇ ಬಿಟ್ಟು ಬಂದದ್ದು ಒಳ್ಳೆಯದಾಯಿತು. ಕಾಲು ತಾನಾಗಿ ಕುಣಿಯುತ್ತದೆ, ಒಂದರ ಮೇಲೊಂದು ಹಾಕಿ ಒತ್ತಿ ಹಿಡಿಯುತ್ತೇನೆ. ನಮ್ಮವರು ನೋಡಿದ್ದರೆ ಹೊಟ್ಟೆ ಹಿಡಿದು ನಗುತ್ತ ಇದ್ದರು.

ಚಿದಂಬರಯ್ಯನವರು ಅಂಚಿಗೆ ಬಂದು ನಿಂತು ಕೂಗಿ ಮಾತಾಡಿದರು. "ಸಾಂಕಮ್ಮನವರೇ, ಮೇಲೆ ಬನ್ನಿ. ನಿಮ್ಮನ್ನೂ ಆಸ್ಪತ್ರೆಗೆ ಕಳಿಸ್ತೇನೆ. ಬೊಮ್ಮಯ್ಯನವರ ಪಕ್ಕದ ಹಾಸಿಗೆಯೇ ಕೊಡಿಸ್ತೇನೆ." ಆ ಮನುಷ್ಯನ ದನಿಯಲ್ಲಿ ಅಳು ಇತ್ತು. ಒಂದು ಗಳಿಗೆ ನನ್ನ ಮನಸ್ಸು ಓಡಿತು ಎಂದರೆ ನೀವು ನಗಬಾರದು. ಪಕ್ಕದ ಹಾಸಿಗೆ.

ಮೇಲೆ ಸುತ್ತ ಕೂತಿದ್ದ ಹೆಂಗಸರೊಳಗಿಂದ ಗುಲಾಬಿ ಎದ್ದು ನಿಂತಳು. "ಅವಳೊಬ್ಬಳನ್ನ ಕರ್ಕೊಂಡು ಹೋಗಿ ಎಂತ ಮಾಡ್ತೀರಿ ಸ್ವಾಮಿ? ಹೊಗೆ ಬಂದ ಮೇಲೆ ನಾವೂ ಇದೇ ಗಾಳಿ ಕುಡಿದವರು. ನನ್ನ ಎದೆ ನೋಡಿ, ಇವಳ ಎದೆ ನೋಡಿ. ಬಾಲವಾಡಿಯ ಮಕ್ಕಳದ್ದೂ ನೋಡಿ. ಇಡೀ ಊರನ್ನ ತುಂಬಿಸ್ಬೇಕು ನಿಮ್ಮ ಹಡಗಿಗೆ. ಜಾಡಿಸ್ಲಿಕ್ಕೆ ಯಾರು ಉಳೀತಾರೆ ಆಮೇಲೆ?" ಎಂದಳು. ಹೇಳಿ ಮುಗಿಸುವ ಮೊದಲೇ ಅವಳಿಗೂ ಕೆಮ್ಮು ಬಂತು. ಪಕ್ಕದವಳೂ ಕೆಮ್ಮಿದಳು, ಅದರಾಚೆಯವಳೂ ಕೆಮ್ಮಿದಳು. ಅಂಚಿನ ಸುತ್ತ ಆ ಕೆಮ್ಮು ಹೋಗಿ ತಿರುಗಿ ಬಂತು. ಚಿದಂಬರಯ್ಯನವರು ಕರವಸ್ತ್ರ ಬಾಯಿಗೆ ಹಿಡಿದುಕೊಂಡು ಕೆಮ್ಮಿದರು, ಕರವಸ್ತ್ರವನ್ನು ಬಿಡಿಸಿ ನೋಡಿಕೊಂಡರು, ಮಡಚಿ ಕಿಸೆಗೆ ಹಾಕಿಕೊಂಡು ಸುಮ್ಮನೆ ಇಳಿದು ಹೋದರು. ಆವತ್ತಿನಿಂದ ಗುಡ್ಡದ ಉಳಿದ ಬದಿಯಲ್ಲಿ ಮದ್ದು ಸಿಡಿದಿಲ್ಲ.

ಇವತ್ತು ಬೆಳಗ್ಗೆ ಎದ್ದಾಗ ಚಾಪೆಯ ಅಡಿ ಒದ್ದೆಯಾಗಿತ್ತು. ಬೆರಳಿಂದ ಒತ್ತಿ ನೋಡಿದೆ, ಮಣ್ಣಿನಿಂದ ನೀರು ಜಿನುಗಿತು. ಒರತೆಯೋ, ರಾತ್ರಿಯ ಇಬ್ಬನಿಯೋ, ಹೇಳಲಾರೆ. ಗುಲಾಬಿಯನ್ನು ಕರೆದು ಹೇಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮೇಲಿನಿಂದ ಕೂಗಿದಳು.

"ಸಾಂಕೀ, ಹಡಗು ತಿರುಗಿದೆ. ಬಂತು."

"ನಮ್ಮವರು ಕಾಣ್ತಾರಾ?"

ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಉಳಿದ ಹೆಂಗಸರೂ ಎದ್ದು ನಿಂತರು. ಸೀರೆಗಳ ಅಂಚು ಗಾಳಿಗೆ ಬಡಿದುಕೊಳ್ಳುವುದು ಇಲ್ಲಿಂದ ಕಾಣುತ್ತಿತ್ತು, ಸಮುದ್ರ ಕಾಣುತ್ತಿರಲಿಲ್ಲ.

"ಬಿಳಿ ಬಟ್ಟೆಯವರು ಹಡಗಿನ ಅಂಚಿಗೆ ಸಾಲಾಗಿ ನಿಂತಿದ್ದಾರೆ. ಮುಖ ಗೊತ್ತಾಗೂದಿಲ್ಲ." ಇನ್ನೆರಡು ಹೆಜ್ಜೆ ಆಚೆ ಸರಿದು ನೋಡಿದಳು. "ಒಬ್ಬರು ಎರಡೂ ಕೈ ಮೇಲೆ ಎತ್ತಿ ನಿಂತಿದ್ದಾರೆ ಮಾರಾಯ್ತಿ. ಜಾಡಿಸ್ಲಿಕ್ಕೆ ನಿಲ್ತಾರಲ್ಲ, ಹಾಗೆ."

ಕಾಲು ಎರಡೂ ಎದ್ದು ಓಡಲು ನೆಗೆದವು. ಧಕ್ಕೆ ಎಷ್ಟು ದೂರ, ಒಂದು ಉಸಿರಿನ ದಾರಿ. ಚಾಪೆಯ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದುಕೊಂಡು ಅಲ್ಲೇ ಕೂತೆ.

"ಇಲ್ಲಿಗೇ ಬರ್ಲಿಕ್ಕೆ ಹೇಳು" ಎಂದೆ.